ಚಳಿಗಾಲದ ಗಾಲಿಯ ಒಳಮುಖ

ಇಂಚರ, ಸುಹಾಸ,

ನಿನ್ನೆ ಗ್ಯಾರೇಜು ಗುಡಿಸುವಾಗ ಬಟ್ಟೆ ಒಗೆಯುವ ಮಿಷನ್ನಿನ ಹಿಂದಿನಿಂದ ಒಂದು ತುಂಡು ಸೀಮೆಸುಣ್ಣ ಉರುಳಿ ಬಂತು. ನೀವು ಮನೆಮುಂದೆ ಚಿತ್ರ ಬರೆಯುವ ಬಣ್ಣದ್ದಲ್ಲ. ಬಿಳಿಯದು, ಹೆಬ್ಬೆರಳಿನಷ್ಟು ಉದ್ದ. ಕೈ ಬೆಳ್ಳಗಾಗದಿರಲಿ ಎಂದು ಒಂದು ತುದಿಗೆ ಅಂಟುಪಟ್ಟಿ ಸುತ್ತಿತ್ತು. ನಿಮ್ಮ ತಾತನದು. ಪೊರಕೆ ಹಿಡಿದುಕೊಂಡೇ ಒಳಗೆ ಬಂದು, ‘ನೋಡಿ, ಸಿಕ್ತು’ ಎನ್ನಲು ಬಾಯಿ ತೆರೆದೆ. ಅಡುಗೆಮನೆಯಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ನೀವು ಸ್ಕೂಲಿಗೆ ಹೋಗಿದ್ದಿರಿ. ಬಾಯಿ ಮುಚ್ಚಿಕೊಂಡು ಸೀಮೆಸುಣ್ಣವನ್ನು ಸ್ವೆಟರಿನ ಜೇಬಿಗೆ ಹಾಕಿಕೊಂಡೆ. ಹೇಳಲು ಯಾರೂ ಸಿಗದಿದ್ದಾಗ ಬರೆದರೇನು ಎನ್ನಿಸಿ ಹೀಗೆ ಕುಳಿತಿದ್ದೇನೆ.

ಆ ಸೀಮೆಸುಣ್ಣದಿಂದ ತಾತ ಬರೆಯುತ್ತಿದ್ದುದು ನಾಲ್ಕೇ ಗುರುತು. ಎ.ಮು., ಬ.ಮು., ಎ.ಹಿ., ಬ.ಹಿ. ಎಡ ಮುಂದೆ, ಬಲ ಮುಂದೆ, ಎಡ ಹಿಂದೆ, ಬಲ ಹಿಂದೆ. ಕಾರಿನಿಂದ ಬಿಚ್ಚಿದ ಗಾಲಿ ಯಾವ ಮೂಲೆಯದು ಎಂದು ಮುಂದಿನ ಸಲಕ್ಕೆ ಗೊತ್ತಿರಬೇಕಲ್ಲ. ಒಮ್ಮೆ ಈ ಅಮೆರಿಕದ ಡ್ಯಾನ್‌ವಿಲ್‌ನ ಟೈರು ಅಂಗಡಿಯವನು ಈ ಕನ್ನಡ ಅಕ್ಷರಗಳನ್ನು ಬೆರಳಿನಲ್ಲಿ ಮುಟ್ಟಿ, ಇದು ನಿಮ್ಮ ದೇವರ ಪ್ರಾರ್ಥನೆಯೇ ಎಂದು ಕೇಳಿದನಂತೆ. ಅಲ್ಲ ಎಂದು ಹೇಳಲು ಬಹಳ ಇಂಗ್ಲಿಷು ಬೇಕಾಗುತ್ತದೆ ಎಂದು ತಾತ ಹೌದು ಎಂದು ತಲೆಯಾಡಿಸಿ ಬಂದರು. ಅಂದಿನಿಂದ ಆ ಮನುಷ್ಯ ನಮ್ಮ ಟೈರುಗಳನ್ನು ಎರಡೂ ಕೈಯಲ್ಲಿ ಎತ್ತುತ್ತಿದ್ದ.

ನಿಮಗೆ ಗೊತ್ತಿರಲಿ, ತಾತ ಹಾಸನದ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಟೈರಿನ ವಿಭಾಗದಲ್ಲಿದ್ದವರು. ಡ್ರೈವರುಗಳಿಗೆ ಊರೆಲ್ಲ ಹೆಸರು, ಕಂಡಕ್ಟರುಗಳಿಗೆ ದೇಶವೆಲ್ಲ ಪರಿಚಯ. ಇವರನ್ನು ಬಲ್ಲವು ಟೈರುಗಳು ಮಾತ್ರ. ಮದುವೆಯಾದ ಹೊಸದರಲ್ಲಿ ಅವರ ಅಂಗಿಯ ರಬ್ಬರು ವಾಸನೆಗೆ ನನಗೆ ತಲೆ ಸುತ್ತುತ್ತಿತ್ತು. ಆಮೇಲೆ ಆ ವಾಸನೆ ಬಂದರೇನೇ ಅವರು ಮನೆಗೆ ಬಂದಂತೆ ಆಗತೊಡಗಿತು.

ನನಗೂ ಗಾಲಿಯ ನಂಟು ಹೊಸದಲ್ಲ. ನಮ್ಮ ಊರು ಚನ್ನರಾಯಪಟ್ಟಣದ ಹತ್ತಿರದ್ದು. ಅಪ್ಪನ ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುವ ದಿನ ನಾವು ಮಕ್ಕಳೆಲ್ಲ ಆಚಾರರ ಕುಲುಮೆಯ ಮುಂದೆ ಸೇರುತ್ತಿದ್ದೆವು. ಪಟ್ಟಿಯನ್ನು ಚಕ್ರಕ್ಕಿಂತ ಒಂಚೂರು ಚಿಕ್ಕದಾಗಿಯೇ ಮಾಡಿರುತ್ತಿದ್ದರು. ಬೆರಣಿ ಬೆಂಕಿಯಲ್ಲಿ ಅದು ಕೆಂಪಗೆ ಕಾದು ಹಿಗ್ಗಿದಾಗ ಇಕ್ಕಳದಲ್ಲಿ ಎತ್ತಿ ಮರದ ಚಕ್ರಕ್ಕೆ ತೊಡಿಸಿ, ಕೂಡಲೇ ನೀರು ಹೊಯ್ಯಬೇಕು. ಚೊಂಯ್ ಎಂದು ಹೊಗೆ ಏಳುತ್ತಿತ್ತು, ಪಟ್ಟಿ ಕುಗ್ಗಿ ಚಕ್ರವನ್ನು ಕಚ್ಚಿಕೊಳ್ಳುತ್ತಿತ್ತು. ನೀರು ಹೊಯ್ಯುವ ಕೆಲಸ ನನ್ನದು. ಒಂದು ಸಲ ಬೆಂಕಿಯಲ್ಲಿದ್ದ ಪಟ್ಟಿ ಪಕ್ಕದ ಮನೆಯವರ ಗಾಡಿಯದು ಎಂದು ನನಗೆ ಕಂಡಿತು. ಹೇಳಲಿಲ್ಲ. ಅಷ್ಟು ಜನ ಗಂಡಸರ ನಡುವೆ ಹೇಗೆ ಹೇಳುವುದು? ಅದು ಚಕ್ರಕ್ಕೆ ಕೂರದೆ ಆಚಾರರು ಎಲ್ಲರನ್ನೂ ಬೈದರು. ನಾನು ಕೊಡ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ. ಸ್ಕೂಲಿನಲ್ಲೂ ಅಷ್ಟೇ. ಏಳನೇ ಕ್ಲಾಸಿನವರೆಗೆ ಓದಿದೆ. ಉತ್ತರ ಗೊತ್ತಿದ್ದು ಕೈ ಎತ್ತದ ಹುಡುಗಿಗೆ ಬಹುಮಾನ ಇದ್ದಿದ್ದರೆ ಪ್ರತಿ ವರ್ಷ ನನಗೇ ಬರುತ್ತಿತ್ತು.

ಈ ಬಿಸಿಲಿನ ಡ್ಯಾನ್‌ವಿಲ್‌ನಲ್ಲಿ ಚಳಿಗಾಲದ ಗಾಲಿ ಯಾಕೆ ಎಂದು ಬಂದವರೆಲ್ಲ ಕೇಳುತ್ತಾರೆ. ನಿಮ್ಮ ಅಮ್ಮ ಸವಿತ ವಾರ ಬಿಟ್ಟು ವಾರ ಗುರುವಾರ ಬೆಳಿಗ್ಗೆ ಹೊರಟು, ಬೆಟ್ಟದ ಮೇಲಿನ ಊರಿನ ಆಸ್ಪತ್ರೆಯಲ್ಲಿ ಮುರಿದ ಕೈಕಾಲುಗಳಿಗೆ ವ್ಯಾಯಾಮ ಮಾಡಿಸಿ, ಶನಿವಾರ ಸಂಜೆ ಬರುತ್ತಾಳಲ್ಲ. ಅಲ್ಲಿ ನವೆಂಬರಿನಿಂದಲೇ ಹಿಮ. ಮೊದಲ ವರ್ಷ ಪೊಲೀಸರು ದಾರಿಯಲ್ಲಿ ನಿಲ್ಲಿಸಿ, ಟೈರಿಗೆ ಸರಪಳಿ ಕಟ್ಟದೆ ಮೇಲೆ ಹೋಗುವಂತಿಲ್ಲ ಎಂದರು. ಅವಳು ರಸ್ತೆಯ ಅಂಚಿನ ಹಿಮದಲ್ಲಿ ಮಂಡಿಯೂರಿ ಮುಕ್ಕಾಲು ಗಂಟೆ ಹೆಣಗಿ ಸರಪಳಿ ಕಟ್ಟಿದಳು. ಶನಿವಾರ ಮನೆಗೆ ಬಂದಾಗ ಬೆರಳುಗಳು ಊದಿಕೊಂಡಿದ್ದವು. ತಾತ ಆ ಬೆರಳುಗಳನ್ನು ನೋಡಿದರು. ಸೋಮವಾರ ಟೈರು ಅಂಗಡಿಗೆ ಹೋಗಿ ನಿಂತರು.

ಚಳಿಗಾಲದ ಟೈರು ಬೇರೆಯೇ ಜಾತಿ. ಅದರ ರಬ್ಬರು ಮೆತ್ತಗೆ, ಹದವಾಗಿ ಬೆಂದ ಮುದ್ದೆಯ ಹಾಗೆ. ಮಾಮೂಲಿ ಟೈರು ಚಳಿಗೆ ಕಲ್ಲಾಗಿ ಜಾರುತ್ತದೆ, ಇದು ಮೆತ್ತಗೇ ಇದ್ದು ಹಿಮವನ್ನು ಕಚ್ಚುತ್ತದೆ. ಪಕ್ಕದಲ್ಲಿ ಬೆಟ್ಟದೊಳಗೆ ಹಿಮದ ಹೂವಿನ ಚಿತ್ರ ಇರುತ್ತದೆ, ನೋಡಿಕೊಳ್ಳಿ. ಪ್ರತಿ ಸಲ ರಿಮ್ಮಿನಿಂದ ಟೈರು ಕಳಚಿ ಹಾಕಿಸುವ ಬದಲು ತಾತ ನಾಲ್ಕು ರಿಮ್ಮುಗಳನ್ನೇ ಬೇರೆ ಕೊಂಡರು. ಅದೂ ಒಂದಿಂಚು ಚಿಕ್ಕವು. ಕಾರಿನ ಜೊತೆ ಬಂದವು ಹದಿನೆಂಟು ಇಂಚಿನವು, ಇವು ಹದಿನೇಳು. ಚಿಕ್ಕ ಗಾಲಿ ಹಾಕಿದರೆ ಕಾರು ಕುಳ್ಳಗಾಗುವುದಿಲ್ಲವೇ ಎಂದು ನಾನು ಕೇಳಿದೆ. ಇಡೀ ಅಮೆರಿಕದಲ್ಲಿ ನಾನು ಗಟ್ಟಿಯಾಗಿ ಕೇಳಿದ ಪ್ರಶ್ನೆಗಳನ್ನು ಎಣಿಸಿದರೆ ಅದೇ ಮೊದಲನೆಯದಿರಬೇಕು. ಅವರಿಗೆ ಎಷ್ಟು ಖುಷಿಯಾಯಿತು ಎಂದರೆ ಗ್ಯಾರೇಜಿನ ನೆಲದ ಮೇಲೆ ಲೆಕ್ಕ ಬರೆದು ನನ್ನಿಂದಲೇ ಮಾಡಿಸಿದರು.

ಟೈರಿನ ಮೈಮೇಲೆ 225/55 R18 ಎಂದು ಇರುತ್ತದೆ. ಮೊದಲನೆಯದು ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಟೈರಿನ ಪಕ್ಕೆಯ ಎತ್ತರ, ಅಗಲದಲ್ಲಿ ನೂರಕ್ಕೆ ಐವತ್ತೈದು ಪಾಲು. ಕೊನೆಯದು ರಿಮ್ಮು, ಇಂಚಿನಲ್ಲಿ. “ಒಂದೇ ಸಾಲಿನಲ್ಲಿ ಮೂರು ಥರದ ಅಳತೆ ಬರ್ದವ್ನೆ. ಮನೇಲಿ ಜಗಳ ಆಡ್ಕೊಂಡು ಆಫೀಸಿಗೆ ಬಂದಿದ್ದ ಅನ್ಸುತ್ತೆ,” ಎಂದರು ತಾತ. ಚಳಿಗಾಲದ್ದು 225/60 R17. ರಿಮ್ಮು ಒಂದಿಂಚು ಇಳಿದರೂ ಪಕ್ಕೆ ಎತ್ತರವಾಗುತ್ತದೆ. ಮೇಲಿನ ಪಕ್ಕೆ, ಕೆಳಗಿನ ಪಕ್ಕೆ, ನಡುವಿನ ರಿಮ್ಮು ಮೂರನ್ನೂ ಕೂಡಿದೆ. ಹಳೆಯದು ಏಳುನೂರ ಐದು ಮಿಲಿಮೀಟರು, ಹೊಸದು ಏಳುನೂರ ಎರಡು. ಎರಡು ರಾಗಿಕಾಳು ಪಕ್ಕಪಕ್ಕ ಇಟ್ಟಷ್ಟು ವ್ಯತ್ಯಾಸ. ಗಾಲಿಯ ಒಟ್ಟು ಎತ್ತರ ಹೀಗೆ ಸರಿಹೋದರೆ ವೇಗದ ಮುಳ್ಳು ಸುಳ್ಳು ಹೇಳುವುದಿಲ್ಲ. ಪಕ್ಕೆ ಎತ್ತರವಿದ್ದರೆ ಹಿಮದಡಿಯ ಗುಂಡಿಗೆ ಬಿದ್ದರೂ ರಿಮ್ಮಿಗೆ ಏಟು ಬೀಳುವುದಿಲ್ಲ. ಆದರೆ ಇನ್ನೂ ಚಿಕ್ಕ ರಿಮ್ಮು ಹಾಕುತ್ತೇನೆ ಎಂದು ಹೊರಡಬೇಡಿ, ಒಳಗಿನ ಬ್ರೇಕಿಗೆ ತಗಲುತ್ತದೆ.

ತಾತ ಎಲ್ಲ ಬಲ್ಲವರು ಎಂದುಕೊಳ್ಳಬೇಡಿ. ಮೂರನೆಯ ವರ್ಷ ಮುಂದಿನ ಎರಡು ಟೈರು ಮಾತ್ರ ಸವೆದಿದ್ದವು ಎಂದು, ಸ್ವಲ್ಪ ದೊಡ್ಡ ಅಳತೆಯ ಎರಡು ಹೊಸ ಟೈರು ತಂದು ಮುಂದಕ್ಕೆ ಹಾಕಿಸಿದರು. ಬಸ್ಸಿನಲ್ಲಿ ಅದು ನಡೆಯುತ್ತಿತ್ತೇನೋ. ಈ ಕಾರಿನಲ್ಲಿ ನಾಲ್ಕು ಗಾಲಿಗಳೂ ಒಟ್ಟಿಗೆ ಎಳೆಯುತ್ತವೆ. ಎರಡು ದೊಡ್ಡವು, ಎರಡು ಚಿಕ್ಕವು ಆದರೆ ಒಳಗೇ ಒಂದನ್ನೊಂದು ಜಗ್ಗಾಡುತ್ತವೆ. ತಿರುವಿನಲ್ಲೆಲ್ಲ ಕಾರು ಗೊರಗೊರ ಎಂದಿತು. ಅಂಗಡಿಯವನು ನಾಲ್ಕೂ ಒಂದೇ ಇರಬೇಕು ಎಂದು ನಾಲ್ಕು ಬೆರಳು ಎತ್ತಿ ತೋರಿಸಿದ. ಮೂವತ್ತು ವರ್ಷ ಡಿಪೋದಲ್ಲಿದ್ದವರು ಒಂದು ವಾರ ಗ್ಯಾರೇಜಿನ ಕಡೆ ತಲೆಹಾಕಲಿಲ್ಲ. ಟಿವಿ ಮುಂದೆ ಕೂತು, ಅರ್ಥವಾಗದ ಆಟ ನೋಡುತ್ತಿದ್ದರು.

ಗಾಲಿ ಬದಲಿಸುವಾಗ ನನ್ನ ಕೆಲಸ ನಟ್ಟಿನ ಡಬ್ಬ ಹಿಡಿಯುವುದು. ಗಾಲಿಗೆ ಐದರಂತೆ ಇಪ್ಪತ್ತು ನಟ್ಟು. ತಾತ ಮೊದಲು ಕಾರಿನ ಕಡೆಯ ಲೋಹದ ಮುಖವನ್ನೂ ರಿಮ್ಮಿನ ಒಳಮುಖವನ್ನೂ ತಂತಿ ಬ್ರಷ್ಷಿನಲ್ಲಿ ಹೊಳೆಯುವವರೆಗೆ ಉಜ್ಜುತ್ತಿದ್ದರು. “ಇವೆರಡೂ ಮುಖಕ್ಕೆ ಮುಖ ಕೂರ್ಬೇಕು ಜಯ. ನಡುವೆ ಒಂದು ಕಾಳು ಮರಳಿದ್ರೂ ಆ ಮರಳು ಪುಡಿಯಾದ ಮೇಲೆ ನಟ್ಟು ಸಡಿಲ.” ಆಮೇಲೆ ನಟ್ಟುಗಳನ್ನು ಎದುರುಬದುರಾಗಿ ಬಿಗಿಯುವುದು. ಸರಿಯಾದ ಬಿಗಿಗೆ ಟಿಕ್ ಎನ್ನುವ ಪಾನಾ ಇದೆಯಲ್ಲ, ಅದು ಒಂದು ಸಲ ಟಿಕ್ ಎಂದರೆ ನಿಲ್ಲಿಸಬೇಕು. ಎರಡನೆಯ ಟಿಕ್ ದುರಾಸೆ ಎನ್ನುತ್ತಿದ್ದರು.

ಕೊನೆಗೆ ಐವತ್ತು ಮೈಲಿ ಓಡಿಸಿ ಮತ್ತೊಮ್ಮೆ ಬಿಗಿಯಬೇಕು. ಅದಕ್ಕಾಗಿ ಪ್ರತಿ ನವೆಂಬರಿನಲ್ಲಿ ನಾವಿಬ್ಬರೇ ಲಾಸ್ ಗ್ಯಾಟೋಸ್‌ವರೆಗೆ ಹೋಗುತ್ತಿದ್ದೆವು. ಐವತ್ತಕ್ಕೆ ಸ್ವಲ್ಪ ಕಡಿಮೆಯೇ ಆಗುತ್ತದೆ, ಪರವಾಗಿಲ್ಲ. ಅಲ್ಲೊಂದು ಪಾರ್ಕಿಂಗ್ ಲಾಟಿನಲ್ಲಿ ಅವರು ಇಪ್ಪತ್ತು ನಟ್ಟುಗಳನ್ನು ನೋಡಿಕೊಳ್ಳುವಷ್ಟು ಹೊತ್ತು ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದೆ. ಎದುರಿಗೆ ಬೆಟ್ಟ. ಅಕ್ಕಪಕ್ಕದಲ್ಲಿ ಚೆಂದದ ಬಟ್ಟೆ ತೊಟ್ಟು ಹೋಟೆಲಿಗೆ ಹೋಗುವ ಜನ. ನಾನು ಸೀರೆಯ ಮೇಲೆ ಸ್ವೆಟರು, ಇವರ ಕೈ ತುಂಬ ಮಸಿ. ಇಬ್ಬರೇ ಹೋದ ಪ್ರವಾಸ ಎಂದರೆ ವರ್ಷಕ್ಕೆ ಅದೊಂದೇ. ನಟ್ಟುಗಳು ಸಡಿಲವಾದದ್ದು ಒಂದು ಸಲವೂ ಇಲ್ಲ. ಆದರೂ ಹೋಗುತ್ತಿದ್ದೆವು.

ಇನ್ನು ನಿಮ್ಮ ಅಪ್ಪನ ವಿಷಯ. ನಮ್ಮ ಕಡೆ, ನಮ್ಮ ಕಾಲದಲ್ಲಿ, ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುತ್ತಿರಲಿಲ್ಲ. ನನ್ನ ಅವ್ವ ನಿಮ್ಮ ತಾತನ ಜೊತೆ ಕೊನೆಯವರೆಗೂ ಬಾಗಿಲ ಹಿಂದೆ ನಿಂತೇ ಮಾತಾಡಿದಳು, ಅದೂ ಬಾಗಿಲಿಗೆ ಹೇಳಿದ ಹಾಗೆ. ನಾನೂ ಹಾಗೇ ಉಳಿದೆ. ಯಾರೂ ಹೇಳಿರಲಿಲ್ಲ, ಮಂಡ್ಯದ ಕಡೆಯವರಾದ ನಿಮ್ಮ ಅಪ್ಪ ಮಂಜುನಾಥ ಅದನ್ನು ಬಯಸಿಯೂ ಇರಲಿಲ್ಲ. ಆದರೆ ಅವರೂ ನಾಚಿಕೆಯವರೇ. ಒಂದೇ ಅಡುಗೆಮನೆಯಲ್ಲಿ ನಿಂತು ನಾನು, “ಸವಿತಾ, ಕಾಫಿ ಕುಡೀತಾರಾ ಕೇಳು,” ಎನ್ನುತ್ತಿದ್ದೆ. ಅವರು, “ಕುಡೀತೀನಿ ಅಂತ ಹೇಳು,” ಎನ್ನುತ್ತಿದ್ದರು.

“ನಾನೇನು ಪೋಸ್ಟಾಫೀಸಾ?” ಎಂದು ಸವಿತ ಸಿಡುಕುತ್ತಿದ್ದಳು. “ಇಬ್ರೂ ಎರಡಡಿ ದೂರದಲ್ಲಿದ್ದೀರ!”

“ಬಿಡವ್ವ,” ಎನ್ನುತ್ತಿದ್ದರು ತಾತ. “ಅವಳು ನನ್ನ ಹತ್ರ ಬಾಯಿ ಬಿಡೋಕೇ ಎರಡು ವರ್ಷ ತಗೊಂಡ್ಲು. ಮಂಜಣ್ಣನ ಸರದಿ ಬರೋಷ್ಟರಲ್ಲಿ ಅವನಿಗೂ ಮೊಮ್ಮಕ್ಕಳಾಗಿರ್ತವೆ.”

ಕಳೆದ ವರ್ಷ ಯುಗಾದಿಯಾದ ಹದಿನೈದು ದಿನಕ್ಕೆ ತಾತ ಹೋದರು. ಅದರ ವಿಷಯ ಇಲ್ಲಿ ಬೇಡ. ಆಮೇಲೆ ವಾರದ ದಿನಗಳಲ್ಲಿ, ನೀವು ಸ್ಕೂಲಿಗೆ, ಸವಿತ ಕೆಲಸಕ್ಕೆ ಹೋದ ಮೇಲೆ, ಮನೆಯಲ್ಲಿ ಉಳಿಯುತ್ತಿದ್ದುದು ಇಬ್ಬರು. ಮಹಡಿಯ ಕೋಣೆಯಲ್ಲಿ ಮೀಟಿಂಗು ಮಾಡುತ್ತ ನಿಮ್ಮ ಅಪ್ಪ, ಕೆಳಗೆ ನಾನು. ಊಟ ಸಿದ್ಧವಾದರೆ ಪಾತ್ರೆಯ ಅಂಚಿಗೆ ಸೌಟಿನಿಂದ ಎರಡು ಸಲ ತಟ್ಟುತ್ತಿದ್ದೆ. ಅವರು ಇಳಿದು ಬರುವ ಹೊತ್ತಿಗೆ ನಾನು ಹಿತ್ತಲಿಗೆ ಹೋಗಿರುತ್ತಿದ್ದೆ. ಬಂದು ನೋಡಿದರೆ ತಟ್ಟೆ ತೊಳೆದು ಕವುಚಿಟ್ಟಿರುತ್ತಿತ್ತು. ಒಂದು ಮನೆಯಲ್ಲಿ ಇಬ್ಬರು ಇದ್ದರೂ ಎಷ್ಟು ಖಾಲಿ ಇರಬಹುದು ಎಂದು ಆ ತಟ್ಟೆ ನೋಡಿದಾಗ ತಿಳಿಯುತ್ತಿತ್ತು.

ಆಯುಧಪೂಜೆ ಬಂತು. ಪ್ರತಿ ವರ್ಷ ತಾತ ಕಾರಿಗೂ ಗ್ಯಾರೇಜಿನಲ್ಲಿ ಒಂದರ ಮೇಲೊಂದು ಪೇರಿಸಿದ ಚಳಿಗಾಲದ ಗಾಲಿಗಳಿಗೂ ಪೂಜೆ ಮಾಡುತ್ತಿದ್ದರು. ಆ ವರ್ಷ ಮನೆಯಲ್ಲಿ ಹಬ್ಬವಿಲ್ಲ. ಗಂಡ ಹೋದವಳು ಅರಿಶಿನ ಕುಂಕುಮ ಮುಟ್ಟಿ ಮಂಗಳಕಾರ್ಯ ಮಾಡುವುದು ನಮ್ಮ ಊರಿನಲ್ಲಿ ಇರಲಿಲ್ಲ. ಸವಿತ ಕೇಳಿದ್ದರೆ ‘ಅದೆಲ್ಲ ಏನವ್ವ’ ಎಂದು ರೇಗುತ್ತಿದ್ದಳು, ಅದಕ್ಕೇ ಕೇಳಲಿಲ್ಲ. ಆದರೆ ಮಗಳು ಬೆಟ್ಟ ಹತ್ತುವ ಗಾಲಿಗಳು ಬರಿದಾಗಿ ಕೂತಿರುವುದನ್ನು ನೋಡಲಾಗಲಿಲ್ಲ. ಯಾರೂ ಇಲ್ಲದಾಗ ಅರಿಶಿನವನ್ನು ಗಟ್ಟಿಯಾಗಿ ಕಲಸಿಕೊಂಡು ಗ್ಯಾರೇಜಿಗೆ ಹೋದೆ. ಹೊರಮುಖಕ್ಕೆ ಇಟ್ಟರೆ ಎಲ್ಲರಿಗೂ ಕಾಣುತ್ತದೆ. ಒಳಮುಖಕ್ಕೆ ಮೆತ್ತಿದೆ, ನಟ್ಟಿನ ತೂತುಗಳ ನಡುವೆ, ದಪ್ಪಗೆ. ಮೇಲೆ ಕುಂಕುಮ, ಅದರ ಮೇಲೆ ನಾಲ್ಕು ಕಾಳು ಅಕ್ಷತೆ. ನಾಲ್ಕೂ ಗಾಲಿಗೆ. ಕೈಮುಗಿದು, ಕೈತೊಳೆದು, ಏನೂ ಮಾಡದವಳ ಹಾಗೆ ಬಂದು ಬೀನ್ಸು ಸೋಸಿದೆ.

ನವೆಂಬರಿನ ಒಂದು ಬುಧವಾರ ಸಂಜೆ ಸವಿತ ನಿಮ್ಮನ್ನು ಈಜಿಗೆ ಕರೆದುಕೊಂಡು ಹೋಗಿದ್ದಳು. ತನ್ನ ಕಾರನ್ನು ಬಿಟ್ಟು ನಿಮ್ಮ ಅಪ್ಪನ ಕಾರು ಒಯ್ದಿದ್ದಳು. ಬೆಳಗಾದರೆ ಅವಳು ಬೆಟ್ಟಕ್ಕೆ ಹೋಗುವವಳು. ನಿಮ್ಮ ಅಪ್ಪ ಫೋನಿನಲ್ಲಿ ಒಂದು ವಿಡಿಯೋ ಹಾಕಿಕೊಂಡು ಗ್ಯಾರೇಜಿಗೆ ಬಂದರು. ಗಾಲಿ ಬದಲಿಸುವುದು ಅವರಿಗೆ ಅದೇ ಮೊದಲು. ನಾನು ನಟ್ಟಿನ ಡಬ್ಬ ಹಿಡಿದು ನಿಂತೆ. ಅವರು ಜಾಕಿ ಏರಿಸಿ, ಹಳೆಯ ಗಾಲಿ ಇಳಿಸಿ, ಚಳಿಗಾಲದ್ದನ್ನು ಎತ್ತಿ ನಿಲ್ಲಿಸಿದರು. ಅದರ ಬೆನ್ನು ನಮ್ಮಿಬ್ಬರ ಕಡೆಗಿತ್ತು. ಅರಿಶಿನ ಗಾರೆಯ ಹಾಗೆ ಒಣಗಿ ಕೂತಿತ್ತು, ಅಕ್ಕಿಕಾಳುಗಳೂ ಅಂಟಿದ್ದವು. ಅವರು ಒಂದು ಗಳಿಗೆ ನಿಂತರು. ವಿಡಿಯೋದಲ್ಲಿ ಮುಂದೇನು ಎಂದು ನೋಡುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಗಾಲಿಯನ್ನು ಎತ್ತಿ ಹಾಗೆಯೇ ತಳ್ಳಿ ಕೂರಿಸಿದರು.

ಒರೆಸಬೇಕು, ನನಗೆ ಗೊತ್ತು. ತಾತ ಹತ್ತು ವರ್ಷ ನನ್ನ ಕಣ್ಣೆದುರೇ ಒರೆಸಿದ್ದರು. “ಒರೆಸ್ತಿದ್ರು,” ಎಂದು ಡಬ್ಬಕ್ಕೆ ಹೇಳಿದ ಹಾಗೆ ಗೊಣಗಿದೆ. ಅವರ ಕಿವಿಯಲ್ಲಿ ವಿಡಿಯೋ ಇತ್ತು. ಗಟ್ಟಿಯಾಗಿ ಹೇಳಬೇಕೆಂದರೆ ಅವರನ್ನು ಕರೆಯಬೇಕು. ಏನೆಂದು ಕರೆಯುವುದು? ಅವರು ಅಳಿಯನಾದ ಹದಿನಾರು ವರ್ಷದಲ್ಲಿ ಒಂದು ಸಲವೂ ಕರೆದಿರಲಿಲ್ಲ. ಕರೆದರೂ, ಕದ್ದು ಪೂಜೆ ಮಾಡಿದ್ದನ್ನು ಒಪ್ಪಿಕೊಳ್ಳಬೇಕು. ಅಷ್ಟರಲ್ಲಿ ನಾಲ್ಕೂ ಗಾಲಿ ಕೂತಾಗಿತ್ತು. ಅವರು ಎದುರುಬದುರಾಗಿಯೇ ಬಿಗಿದರು, ಟಿಕ್ ಎಂದ ಕೂಡಲೇ ನಿಲ್ಲಿಸಿದರು. ಪ್ರತಿ ಸಲ ನಟ್ಟು ತಗೊಂಡಾಗ ಡಬ್ಬದ ಕಡೆ ನೋಡಿ ಥ್ಯಾಂಕ್ಸ್ ಎಂದರು.

ಗುರುವಾರ ಬೆಳಿಗ್ಗೆ ಏಳಕ್ಕೆ ಸವಿತ ಹೊರಟಳು. ಕಾರಿನವರೆಗೂ ಹೋದೆ. “ಸವಿತಾ, ಗಾಲಿ...” ಎಂದೆ.

“ಮಂಜು ಹಾಕಿದ್ದಾರಲ್ಲವ್ವ, ಚೆನ್ನಾಗೇ ಹಾಕಿದ್ದಾರೆ. ಒಳಗೋಗು, ಚಳಿ,” ಎಂದು ಬಾಗಿಲು ಹಾಕಿಕೊಂಡಳು.

ಎಂಟಕ್ಕೆ ನೀವೂ ಹೋದಿರಿ. ಪಾತ್ರೆ ತೊಳೆದೆ. ದೇವರ ಮುಂದೆ ಹಿಂದಿನ ದಿನದ ಹೂ ತೆಗೆಯುವಾಗ ಅಕ್ಷತೆಯ ಒಂದು ಕಾಳು ಬೆರಳಿಗೆ ಅಂಟಿತು. ಒತ್ತಿದೆ. ಪುಡಿಯಾಯಿತು. ಸವಿತಳಿಗೆ ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಅಡುಗೆಮನೆಯ ನಡುವೆ ನಿಂತೆ. ಹೇಳಿಸಲು ಯಾರೂ ಇರಲಿಲ್ಲ. ತಾತ ಇಲ್ಲ, ಸವಿತ ಇಲ್ಲ, ನೀವಿಲ್ಲ. ಮನೆಯಲ್ಲಿದ್ದ ಒಬ್ಬರೇ ಮನುಷ್ಯರು ಮೇಲೆ ಬಾಗಿಲು ಹಾಕಿಕೊಂಡು ಕೂತಿದ್ದರು.

ಆ ಮೆಟ್ಟಿಲನ್ನು ಹತ್ತಿದ್ದು ಹೇಗೋ ನೆನಪಿಲ್ಲ. ಬಾಗಿಲು ತಟ್ಟಿ, ಉತ್ತರಕ್ಕೆ ಕಾಯದೆ ತಳ್ಳಿದೆ. ಕಂಪ್ಯೂಟರಿನಲ್ಲಿ ಆರೇಳು ಮುಖಗಳು ನನ್ನನ್ನೇ ನೋಡಿದವು.

“ನೋಡಪ್ಪಾ,” ಎಂದೆ. ಕೊನೆಗೂ ಬಾಯಿಗೆ ಬಂದದ್ದು ಅದು. “ಸವಿತನ್ನ ನಿಲ್ಸು. ಗಾಲಿ ಸಡಿಲಾಗ್ತವೆ.”

ನಿಮ್ಮ ಅಪ್ಪ ಎದ್ದೇ ನಿಂತರು. ಗಾಲಿಯ ಸುದ್ದಿಗೋ ನನ್ನ ದನಿಗೋ, ಬಾಯಿ ತೆರೆದೇ ಇತ್ತು. ಆ ಮುಖಗಳಿಗೆ ಏನೋ ಹೇಳಿ ಕಂಪ್ಯೂಟರು ಮುಚ್ಚಿದರು.

“ಕೂತ್ಕೊಳ್ಳಿ ಅತ್ತೆ. ಏನಾಯ್ತು, ನಿಧಾನಕ್ಕೆ ಹೇಳಿ.”

“ಒಳಮುಖಕ್ಕೆ ಅರಿಶಿನ ಮೆತ್ತಿದ್ದೆ. ಅಕ್ಷತೆನೂ ಐತೆ. ನಾಲ್ಕಕ್ಕೂ. ಅದು ಪುಡಿಯಾದ್ರೆ ನಟ್ಟು ಹಿಡಿಯಕ್ಕಿಲ್ಲ. ನಿಮ್ಮ ಮಾವ ಹೇಳ್ತಿದ್ರು.”

ಅವರು ಫೋನು ಒತ್ತಿದರು. ಈ ಸಲ ಎತ್ತಿದಳು.

“ಏನ್ರೀ, ಮೀಟಿಂಗ್ ಇಲ್ವಾ? ಅವ್ವ ಬೇರೆ ಎರಡು ಸಲ ಮಾಡಿದ್ಲು, ನಾನು ಹಾಸ್ಪಿಟಲ್ ಕಾಲ್‌ನಲ್ಲಿದ್ದೆ.”

“ಎಲ್ಲಿದ್ದೀಯ? ಸ್ಟೀರಿಂಗು ಹೇಗಿದೆ?”

“ಆಬರ್ನ್ ಹತ್ರ. ಸ್ವಲ್ಪ ವೈಬ್ರೇಟ್ ಆಗ್ತಿದೆ. ಸ್ನೋ ಟೈರಲ್ವಾ, ಅದಕ್ಕೇ ಅನ್ಕೊಂಡೆ.”

“ಫ್ರೀವೇ ಬಿಟ್ಟು ಇಳಿ. ನಿಧಾನ. ಮೊದಲು ಸಿಗೋ ಗ್ಯಾಸ್ ಸ್ಟೇಷನ್ನಲ್ಲಿ ನಿಲ್ಸಿ ಕೂತಿರು. ನಾವು ಬರ್ತೀವಿ.”

“ನಾವು ಅಂದ್ರೆ ಯಾರು?”

“ನಾನು, ಅತ್ತೆ.”

“ಅವ್ವ ನಿಮ್ಮ ಹತ್ರ ಮಾತಾಡಿದ್ಲಾ?” ಎಂದಳು ಸವಿತ. ಗಾಲಿಯ ವಿಷಯ ಕೇಳಲೇ ಇಲ್ಲ.

ಜಾಕಿ, ಪಾನಾ, ತಂತಿ ಬ್ರಷ್ಷು ಹಿಂದಿನ ಸೀಟಿಗೆ ಹಾಕಿಕೊಂಡು ಹೊರಟೆವು. ನಾನು ಹಿಂದೆಯೇ ಕೂರಲು ಹೋದೆ. “ಮುಂದೆ ಬನ್ನಿ ಅತ್ತೆ,” ಎಂದರು. ಮುಂದೆ ಕೂತೆ. ಎರಡು ಗಂಟೆಯ ದಾರಿ. ಹತ್ತು ಮೈಲಿ ಆದ ಮೇಲೆ, “ಹೀಟರ್ ಜಾಸ್ತಿ ಆಯ್ತಾ?” ಎಂದರು. “ಇಲ್ಲ,” ಎಂದೆ. ಸೇತುವೆ ದಾಟಿದೆವು. ಬಯಲು ಬಂತು. ನನಗೆ ಪ್ರತಿ ಎಕ್ಸಿಟ್ಟಿನಲ್ಲೂ ರಸ್ತೆಯ ಬದಿಗೆ ನಿಂತ ಕಾರು ಸವಿತಳದೇ ಎನ್ನಿಸುತ್ತಿತ್ತು. ಸ್ಯಾಕ್ರಮೆಂಟೊ ದಾಟಿದ ಮೇಲೆ ಅವಳಿಂದ ಫೋಟೋ ಬಂತು, ಗ್ಯಾಸ್ ಸ್ಟೇಷನ್ನಿನಲ್ಲಿ ನಿಂತ ಕಾರು, ಪಕ್ಕದಲ್ಲಿ ಅವಳ ಬೂಟು. ನಿಮ್ಮ ಅಪ್ಪ ಒಂದು ದೊಡ್ಡ ಉಸಿರು ಬಿಟ್ಟರು. ನಾನೂ ಬಿಟ್ಟೆ. ಅಲ್ಲಿಯವರೆಗೆ ನಮ್ಮಿಬ್ಬರ ನಡುವೆ ನಡೆದ ದೊಡ್ಡ ಮಾತುಕತೆ ಅದೇ.

ಸವಿತ ಕೈಕಟ್ಟಿಕೊಂಡು ನಿಂತಿದ್ದಳು. ನಿಮ್ಮ ಅಪ್ಪ ಎಡಮುಂದಿನ ಗಾಲಿಗೆ ಪಾನಾ ಹಾಕಿದರು. ಬಲ ಹಾಕುವ ಮೊದಲೇ ನಟ್ಟು ತಿರುಗಿತು. ಎರಡನೆಯದೂ ಹಾಗೇ. ಮೂರನೆಯದನ್ನು ಅವರು ಬೆರಳಿನಲ್ಲೇ ತಿರುಗಿಸಿದರು. ಬೆಟ್ಟದ ತಿರುವುಗಳು ಅಲ್ಲಿಂದಾಚೆಗೇ ಶುರು. ಸವಿತ ಬಂದು ನನ್ನ ತೋಳು ಹಿಡಿದುಕೊಂಡಳು.

ಗಾಲಿ ಕೆಳಗಿಳಿಯಿತು. ಅರಿಶಿನ ಅರ್ಧ ಉದುರಿತ್ತು, ಅಕ್ಕಿ ಹಿಟ್ಟಾಗಿತ್ತು. ಕುಂಕುಮ ಮಾತ್ರ ಹಸಿಯಾಗಿಟ್ಟ ಹಾಗೆ ಕೆಂಪಗಿತ್ತು. ನಿಮ್ಮ ಅಪ್ಪ ಬ್ರಷ್ಷು ಎತ್ತಿಕೊಂಡರು. ಕೈ ಮುಂದೆ ಹೋಗಲಿಲ್ಲ.

“ನಿನ್ನೇನೇ ನೋಡಿದ್ದೆ ಅತ್ತೆ,” ಎಂದರು, ನೆಲ ನೋಡುತ್ತ. “ವಿಡಿಯೋದಲ್ಲೂ ಕ್ಲೀನ್ ಮಾಡಿ ಅಂತಾನೇ ಇತ್ತು. ನೀವು ಎದುರಿಗೇ ನಿಂತಿದ್ರಿ. ಮಾವ ಹೋಗಿ ವರ್ಷ ಆಗಿಲ್ಲ. ನಿಮ್ಮ ಮುಂದೆ ಕುಂಕುಮ ಒರೆಸೋಕೆ ನನಗೆ ಕೈ ಬರ್ಲಿಲ್ಲ.”

ನೋಡಿ ಮಕ್ಕಳೇ, ಇಬ್ಬರಿಗೂ ಗೊತ್ತಿತ್ತು. ನನಗೆ ನೋವಾದೀತೆಂದು ಅ‌ವರು ಸುಮ್ಮನಿದ್ದರು. ಅವರಿಗೆ ಹೇಗೆ ಹೇಳುವುದೆಂದು ನಾನು ಸುಮ್ಮನಿದ್ದೆ. ಇಬ್ಬರ ಮರ್ಯಾದೆಯ ಮೇಲೆ ಸವಿತ ನೂರು ಮೈಲಿ ಓಡಿಸಿಕೊಂಡು ಬಂದಿದ್ದಳು.

ಈ ದೇಶದಲ್ಲಿ ನನ್ನ ಹಣೆಯದನ್ನು ಯಾರೂ ಒರೆಸಿರಲಿಲ್ಲ. ಒರೆಸಬೇಡ ಎಂದೇ ಸವಿತ ಹೇಳಿದ್ದಳು. ಒಂದು ಬೆಳಿಗ್ಗೆ ಬಚ್ಚಲಮನೆಯ ಕನ್ನಡಿಯ ಮುಂದೆ ನಾನೇ, ಸೆರಗಿನ ತುದಿ ಒದ್ದೆ ಮಾಡಿಕೊಂಡು ಒರೆಸಿದ್ದೆ. ಹಾಗಾಗಿ ಅದು ನನಗೆ ತಿಳಿದ ಕೆಲಸ.

“ಕೊಡಿಲ್ಲಿ,” ಎಂದು ಬ್ರಷ್ಷು ತಗೊಂಡೆ. ಸಿಮೆಂಟಿನ ಮೇಲೆ ಕೂತು ಉಜ್ಜಿದೆ. ಲೋಹ ಬೆಳ್ಳಗೆ ಕಾಣುವವರೆಗೆ ಉಜ್ಜಿದೆ. ಕಾರಿನ ಕಡೆಯ ಮುಖವನ್ನೂ ಉಜ್ಜಿದೆ. ಪೆಟ್ರೋಲು ಹಾಕಿಸುವವರು ನಿಂತು ನೋಡುತ್ತಿದ್ದರು, ನೋಡಲಿ ಎಂದುಕೊಂಡೆ. ನಾಲ್ಕೂ ಗಾಲಿ ಆಗುವ ಹೊತ್ತಿಗೆ ಸೆರಗು, ಸ್ವೆಟರು, ಕೈ ಎಲ್ಲ ಅರಿಶಿನ. ಬಿಗಿಯುವಾಗ ನಾನೇ ಹೇಳುತ್ತಿದ್ದೆ, “ಈಗ ಅದರೆದುರಿಂದು. ಆಯ್ತು, ಟಿಕ್ ಅಂತು, ಬಿಡು. ಇನ್ನು ಆ ಕಡೇದು.” ಸವಿತ ನಟ್ಟಿನ ಡಬ್ಬ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹೀಗೆ ಮಾತಾಡಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲವಂತೆ.

“ಐವತ್ತು ಮೈಲಿ ಆದ್ಮೇಲೆ ಇನ್ನೊಂದು ಸಲ ನೋಡ್ಕೊಳವ್ವ,” ಎಂದು ಪಾನಾವನ್ನು ಅವಳ ಕಾರಿನಲ್ಲೇ ಇಟ್ಟೆ. ಅವಳು ಹೋದಳು. ಕಾರು ಫ್ರೀವೇ ಸೇರಿ ಕಾಣದಾದ ಮೇಲೂ ನಾವಿಬ್ಬರು ಅಲ್ಲೇ ನಿಂತಿದ್ದೆವು. ಮಧ್ಯಾಹ್ನ ಎರಡಕ್ಕೆ, ಸರಿಯಾಗಿದೆ, ಬಿಗಿಯಾಗಿದೆ ಎಂದು ಸಂದೇಶ ಬಂತು.

ವಾಪಸು ಬರುವಾಗ ಬಹಳ ಮಾತಾಡಿಕೊಂಡಿರಬೇಕು ಎಂದು ನೀವು ಎಣಿಸಬಹುದು. ಇಲ್ಲ. ಅವರು ದಾರಿಯುದ್ದಕ್ಕೂ ಬಿಟ್ಟುಹೋದ ಮೀಟಿಂಗನ್ನು ಫೋನಿನಲ್ಲೇ ಮುಗಿಸಿದರು, ನಾನು ಕಿಟಕಿಯ ಆಚೆ ನೋಡಿದೆ. ಒಂದು ಸಲ ಬಾಯಿ ಬಿಟ್ಟ ಮಾತ್ರಕ್ಕೆ ಹದಿನಾರು ವರ್ಷದ ಮಾತು ಉಕ್ಕಿ ಬರುವುದಿಲ್ಲ. ಈಗಲೂ ದಿನಕ್ಕೆ ಹತ್ತು ಮಾತು ಆಡುತ್ತೇವೆ. ಕಾಫಿ ಬೇಕಾ ಎಂದು ಅವರನ್ನೇ ಕೇಳುತ್ತೇನೆ. ಹಗಲು ಮನೆ ಮೊದಲಿನ ಹಾಗೇ ಖಾಲಿ. ಟೈರಿನ ವಿಷಯ ಹೇಳಿದರೆ ಪೂರ್ತಿ ಕೇಳುವವರು ಒಬ್ಬರೇ ಇದ್ದರು, ಅವರಿಗೆ ಅದು ಮೊದಲೇ ಗೊತ್ತಿತ್ತು. ಬದುಕು ಹಾಗೆ.

ಈ ವರ್ಷದ ಆಯುಧಪೂಜೆಯ ದಿನ ಕುಂಕುಮದ ಬಟ್ಟಲು ಹಿಡಿದುಕೊಂಡು, “ಎಲ್ಲಿ ಇಡ್ಲಪ್ಪ?” ಎಂದು ನಿಮ್ಮ ಅಪ್ಪನನ್ನೇ ಕೇಳಿದೆ. “ಹೊರಗಡೆ ಇಡಿ ಅತ್ತೆ, ಟೈರಿನ ಮೇಲೆ. ಎಲ್ರಿಗೂ ಕಾಣೋ ಹಾಗೆ,” ಎಂದರು. ಇಟ್ಟೆ. ಆಮೇಲೆ ಅವರು, “ಮಾವ ಹೇಳ್ತಿದ್ದಿದ್ದೆಲ್ಲ ಬರೆದಿಡಿ. ಮಕ್ಕಳೂ ಒಂದು ದಿನ ಬೆಟ್ಟ ಹತ್ತುತ್ತಾರಲ್ಲ,” ಎಂದರು. ಆಗ ಹೂಂ ಎಂದು ಸುಮ್ಮನಾಗಿದ್ದೆ. ಈಗ ಬರೆದಿದ್ದೇನೆ.

ನಿಮಗೆ ಇದನ್ನು ಓದಲು ಬರುವುದಿಲ್ಲ, ಗೊತ್ತು. ಇಂಚರ ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ, ಸುಹಾಸ ತಲೆಯಾಡಿಸುತ್ತಾನೆ. ಹಾಗಾಗಿ ನಿಮ್ಮ ಅಪ್ಪನ ಕೈಯಲ್ಲಿ ಓದಿಸಿಕೊಳ್ಳಿ. ಅವರು ಅಳತೆಯ ಲೆಕ್ಕವನ್ನು ಚೆನ್ನಾಗಿ ಬಿಡಿಸಿ ಹೇಳುತ್ತಾರೆ. ಆಬರ್ನಿನ ಗ್ಯಾಸ್ ಸ್ಟೇಷನ್ನಿಗೆ ಬಂದಾಗ ಅವರು ಸ್ವಲ್ಪ ನಿಲ್ಲಬಹುದು. ಮುಂದೇನಾಯಿತು ಎಂದು ಅವಸರ ಮಾಡಬೇಡಿ, ಕಾಯಿರಿ. ಅವರಾಗಿಯೇ ಓದುತ್ತಾರೆ. ಓದಿ ಮುಗಿದ ಮೇಲೆ ಈ ಹಾಳೆಗಳನ್ನು ಮಡಿಚಿ, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಕಾರಿನ ಕಾಗದಪತ್ರಗಳ ಜೊತೆ ಇಟ್ಟುಬಿಡಿ. ಹಿಮದ ಕೈಯಲ್ಲಿ ಮುಟ್ಟಿ ಒದ್ದೆ ಮಾಡಬೇಡಿ, ಇಂಕು ಕದಡುತ್ತದೆ.